ಪುಟ್ಟನ ಇನ್ನೂರ ನಲವತ್ತು ತಿಂಗಳು

ನನ್ನ ಗಂಡ ತೀರಿಕೊಂಡ ಮೂರನೇ ತಿಂಗಳಿಗೆ ನಾನು ತಕ್ಕಡಿ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ನನಗೆ ಆಗ ಮೂವತ್ತೆಂಟು, ಅಂಗಡಿಯ ಒಡತಿಗೆ ನಲವತ್ತು. ಬೀದಿಯವರೆಲ್ಲ ಅವಳನ್ನು ತಕ್ಕಡಿ ಅಕ್ಕ ಎನ್ನುತ್ತಿದ್ದರು. ಮೊದಲ ದಿನ ಅವಳು ನನ್ನ ಕೈಗೆ ಒಂದು ಬ್ರಷ್ಷು, ಒಂದು ಡಬ್ಬಿ ಸೀಮೆಎಣ್ಣೆ ಕೊಟ್ಟು, ಮೂಲೆಯಲ್ಲಿ ರಾಶಿ ಬಿದ್ದಿದ್ದ ಕಬ್ಬಿಣದ ತೂಕದ ಬಟ್ಟುಗಳನ್ನು ತೋರಿಸಿದಳು.

“ಕೊಳೆ ಹೋಗ್ಬೇಕು, ಕಬ್ಬಿಣ ಹೋಗ್ಬಾರ್ದು. ಅಷ್ಟೇ ಕೆಲಸ.”

ಅಷ್ಟೇ ಎಂದಳು, ಆದರೆ ಆ ಕೆಲಸ ಕಲಿಯಲು ನನಗೆ ಒಂದು ವರ್ಷ ಹಿಡಿಯಿತು.

ಅಂಗಡಿಗಳಲ್ಲಿ ದಿನಕ್ಕೆ ನೂರು ಸಲ ಎತ್ತಿ ಇಟ್ಟು ಒಂದು ಕಿಲೋದ ಬಟ್ಟು ಕೆಲವು ವರ್ಷಕ್ಕೆ ಕೆಲವು ಗ್ರಾಂ ಸವೆದುಹೋಗುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ಮೇಲೆ ಒಂದು ಕಿಲೋ ಎಂದೇ ಬರೆದಿರುತ್ತದೆ, ಮಾರುವವನೂ ಕೊಳ್ಳುವವನೂ ಅದನ್ನೇ ನಂಬಿರುತ್ತಾರೆ. ಅಕ್ಕನ ಬಳಿ ಒಂದು ಮರದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಮೂಲ ಬಟ್ಟುಗಳಿದ್ದವು. ಅವನ್ನು ಬರಿಗೈಯಲ್ಲಿ ಮುಟ್ಟುವಂತಿರಲಿಲ್ಲ, ಬೆವರು ತಾಗಿದರೂ ತೂಕ ಕೆಡುತ್ತದೆ ಎನ್ನುತ್ತಿದ್ದಳು. ಅವುಗಳ ಎದುರು ತೂಗಿ, ಎಷ್ಟು ಸವೆದಿದೆಯೋ ಅಷ್ಟು ಸೀಸವನ್ನು ಕರಗಿಸಿ ಕಬ್ಬಿಣದ ಬಟ್ಟಿನ ತಳದ ಗುಳಿಗೆ ಹೊಯ್ಯುತ್ತಿದ್ದಳು. ಎರಡು ವರ್ಷಕ್ಕೊಮ್ಮೆ ತನ್ನ ಹಿತ್ತಾಳೆಯ ಬಟ್ಟುಗಳನ್ನೂ ಸರ್ಕಾರದ ತೂಕ-ಅಳತೆಯ ಕಚೇರಿಗೆ ಒಯ್ದು ಪರೀಕ್ಷೆ ಮಾಡಿಸಿಕೊಂಡು ಬರುತ್ತಿದ್ದಳು.

ತರಕಾರಿಯವನೊಬ್ಬ ಒಮ್ಮೆ ಹಲ್ಲು ಕಿರಿದು, “ಅಕ್ಕಾ, ಒಂದೆರಡು ಗ್ರಾಂ ಸವೆದಿದ್ರೆ ಇರ್ಲಿ ಬಿಡು, ಯಾರಿಗೆ ಗೊತ್ತಾಗುತ್ತೆ?” ಎಂದ.

“ನಿನ್ನ ನಾಲಿಗೇನೂ ಒಂದೆರಡು ಗ್ರಾಂ ಸವೆದಿದ್ರೆ ಚೆನ್ನಾಗಿತ್ತು,” ಎಂದು ಅಕ್ಕ ಸೀಸದ ಸೌಟು ಎತ್ತಿಕೊಂಡಳು.

ಅಂಗಡಿಯ ಕಿಟಕಿಯ ಬಳಿ ಒಂದು ಬೆಂಚು. ಅದರ ಮೇಲೆ ಅಕ್ಕನ ತಮ್ಮ ಕೂತಿರುತ್ತಿದ್ದ. ಅವನಿಗೆ ಆಗ ಇಪ್ಪತ್ತಾರು ವರ್ಷ, ಬುದ್ಧಿ ಐದು ವರ್ಷದ ಮಗುವಿನದು. ಎಲ್ಲರೂ ಪುಟ್ಟ ಎನ್ನುತ್ತಿದ್ದರು. ತಕ್ಕಡಿಯ ತಟ್ಟೆಗಳನ್ನು ಬಟ್ಟೆಯಿಂದ ಒರೆಸುವುದು ಅವನ ಕೆಲಸ; ಒಂದು ತಟ್ಟೆಯನ್ನು ಅರ್ಧ ದಿನ ಒರೆಸುತ್ತಿದ್ದ. ನೀರಿನ ಲೋಟ ಎಡಗಡೆಯೇ ಇರಬೇಕು, ಬಲಗಡೆ ಇಟ್ಟರೆ ಊಟ ಬಿಡುತ್ತಿದ್ದ. ಲಾರಿಯ ಹಾರನ್ನು ಕೇಳಿದರೆ ಅಕ್ಕನ ಬೆನ್ನಿಗೆ ಬಂದು ಅಂಟಿಕೊಳ್ಳುತ್ತಿದ್ದ. ಅವಳು ಸೀಸ ಹೊಯ್ಯುವಾಗ ಹಾಗೆ ಮಾಡಿದರೆ ಬೆಂಕಿಯ ಅಪಾಯ, ಆದರೂ ಅವಳು ಒಂದು ದಿನವೂ ಗದರಲಿಲ್ಲ. ಸೌಟನ್ನು ಹಾಗೇ ಹಿಡಿದು, ಅವನ ಉಸಿರು ಸಮ ಆಗುವವರೆಗೆ ನಿಂತಿರುತ್ತಿದ್ದಳು.

ಅವನು ಅಕ್ಕನಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ತನ್ನ ಕಾಲ ಮುಗಿದ ಮೇಲೆ ಅವನು ಎಲ್ಲಿರಬೇಕು? ಅವಳ ಇಡೀ ಬದುಕಿನ ಪ್ರಶ್ನೆ ಅದೊಂದೇ. ಇವರಿಬ್ಬರಿಗೂ ದೊಡ್ಡವನಾದ ಒಬ್ಬ ಅಣ್ಣನಿದ್ದ. ಅವನು ಬೇರೆ ಮನೆ ಮಾಡಿದ್ದ, ವರ್ಷಕ್ಕೆ ಎರಡು ಸಲ ಬಂದು ಪುಟ್ಟನ ತಲೆ ಸವರಿ ಹೋಗುತ್ತಿದ್ದ. ಅವನ ಮೇಲೆ ಅಕ್ಕ ಆಸೆ ಇಟ್ಟುಕೊಂಡಿರಲಿಲ್ಲ. ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದಲ್ಲಿ ಇಂಥವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆ ಇತ್ತು. ಗೋಡೆ ಶುಭ್ರ, ಅಡುಗೆಮನೆ ಶುಭ್ರ, ಕೆಲಸದವರ ದನಿ ಮೆತ್ತಗೆ. ಆದರೆ ತಿಂಗಳ ಹಣ ತಪ್ಪಿದರೆ ಮೂರನೇ ತಿಂಗಳಿಗೆ ಕಳಿಸಿಬಿಡುತ್ತಾರೆ. ಅಕ್ಕ ಲೆಕ್ಕ ಹಾಕಿದ್ದಳು: ತಾನು ಹೋದ ಮೇಲೆ ಪುಟ್ಟ ಇಪ್ಪತ್ತು ವರ್ಷ ಬದುಕಬಹುದು. ಅಂದರೆ ಇನ್ನೂರ ನಲವತ್ತು ತಿಂಗಳು. ತನಗೆ ಅರವತ್ತು ದಾಟುವುದರೊಳಗೆ ಅಷ್ಟು ತಿಂಗಳು ಕೂಡಿಡಬೇಕು.

ಅವಳು ಮೂವತ್ತನಾಲ್ಕನೇ ವಯಸ್ಸಿಗೆ ಮೊದಲ ದೊಡ್ಡ ಗಂಟನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದಳು, ತಾಯಿ ಬಿಟ್ಟುಹೋದ ಮನೆಯ ಪಾಲು ಮಾರಿ ಬಂದದ್ದು. ನಲವತ್ತೆಂಟು ಸಾವಿರ. ಆಗ ಆರೈಕೆ ಮನೆಯಲ್ಲಿ ತಿಂಗಳಿಗೆ ನಾನೂರು ತೆಗೆದುಕೊಳ್ಳುತ್ತಿದ್ದರು. ನೂರಿಪ್ಪತ್ತು ತಿಂಗಳು ಆಗಲೇ ಕೈಯಲ್ಲಿದೆ, ಅರ್ಧ ದಾರಿ ಬಂದಾಯಿತು ಎಂದು ಅವಳು ನೆಮ್ಮದಿಯಿಂದ ಇದ್ದಳು. ಹತ್ತು ವರ್ಷಕ್ಕೆ ದುಡ್ಡು ದುಪ್ಪಟ್ಟು ಎಂದು ಬ್ಯಾಂಕಿನವರು ಹೇಳಿದ್ದರು. ದುಪ್ಪಟ್ಟಾದರೆ ಇನ್ನೂರ ನಲವತ್ತು ತಿಂಗಳು ತಾನೇ? ಅಷ್ಟಕ್ಕೇ ಲೆಕ್ಕ ಮುಗಿಸಿ, ಹತ್ತು ವರ್ಷ ಅವಳು ಆ ಮನೆಯ ಕಡೆ ತಲೆಹಾಕಲಿಲ್ಲ.

ಹತ್ತು ವರ್ಷ ತುಂಬಿದ ದಿನ ನಾನೂ ಅವಳೊಡನೆ ಬ್ಯಾಂಕಿಗೆ ಹೋಗಿದ್ದೆ. ತೊಂಬತ್ತಾರು ಸಾವಿರ. ಗುಮಾಸ್ತ ಎದ್ದು ನಿಂತು ರಸೀತಿ ಕೊಟ್ಟ. ಅಕ್ಕ ನನಗೂ ಪುಟ್ಟನಿಗೂ ಬೇಕರಿಯಲ್ಲಿ ಬನ್ನು ಕೊಡಿಸಿದಳು, ತಾನೂ ತಿಂದಳು. ಅವಳು ದುಡ್ಡು ಕೊಟ್ಟು ಬನ್ನು ತಿಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಲ್ಲಿಂದ ನೇರ ಆರೈಕೆ ಮನೆಗೆ ಹೋದೆವು. ಬಾಗಿಲಲ್ಲೇ ಬೋರ್ಡು ನೇತುಹಾಕಿದ್ದರು. ತಿಂಗಳಿಗೆ ಒಂಬೈನೂರ ಐವತ್ತು.

ಅಕ್ಕ ಅಂಗಳದ ಬೆಂಚಿನ ಮೇಲೆ ಕೂತು, ರಸೀತಿಯ ಹಿಂಬದಿಯಲ್ಲೇ ಭಾಗಾಕಾರ ಮಾಡಿದಳು. ಒಂದು ಸಲ, ಎರಡು ಸಲ. ನೂರ ಒಂದು ತಿಂಗಳು. ಹತ್ತು ವರ್ಷ ಕಾದು, ದುಡ್ಡು ಎರಡರಷ್ಟಾಗಿ, ಪುಟ್ಟನ ಹತ್ತೊಂಬತ್ತು ತಿಂಗಳು ಮಾಯವಾಗಿದ್ದವು.

“ಯಾರೂ ಕದ್ದಿಲ್ವಲ್ಲ ಅಕ್ಕಾ,” ಎಂದೆ ನಾನು ದಡ್ಡಿಯ ಹಾಗೆ.

“ಇಲ್ಲ. ಬಟ್ಟು ಸವೆದಿದೆ.” ರಸೀತಿಯನ್ನು ಮಡಿಸುತ್ತ ಹೇಳಿದಳು: “ಊರಿನವರ ಬಟ್ಟನ್ನೆಲ್ಲ ಪರೀಕ್ಷೆ ಮಾಡ್ತೀನಿ ಅಂತ ಅಂಗಡಿ ಇಟ್ಕೊಂಡಿದ್ದೀನಿ ಕಣೇ. ನನ್ನ ದುಡ್ಡನ್ನ ತೂಗೋ ಬಟ್ಟನ್ನ ಹತ್ತು ವರ್ಷ ತಿರುಗಿಸಿ ನೋಡಲಿಲ್ಲ.”

ಮರುದಿನ ಅವಳು ಬ್ಯಾಂಕಿನ ಗುಮಾಸ್ತನ ಎದುರು ಕುರ್ಚಿ ಎಳೆದುಕೊಂಡು ಕೂತಳು.

“ಎರಡರಷ್ಟಾಗಿದೆಯಲ್ಲಮ್ಮಾ, ಇನ್ನೇನು ಬೇಕು ನಿಮಗೆ?”

“ನಿನ್ನೆ ಎದ್ದು ನಿಂತು ರಸೀತಿ ಕೊಟ್ರಿ. ಇವತ್ತು ಕೂತ್ಕೊಂಡೇ ಹೇಳಿ. ವರ್ಷಕ್ಕೆ ನೂರಕ್ಕೆ ಏಳು ಬೆಳೆದ್ರೆ, ಖರ್ಚು ನೂರಕ್ಕೆ ಒಂಬತ್ತು ಬೆಳೆದ್ರೆ, ನಾನು ಶ್ರೀಮಂತಳಾದ್ನೋ ಬಡವಳಾದ್ನೋ?”

ಅವನು ಕನ್ನಡಕ ತೆಗೆದು ಒರೆಸಿದ. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. ಶೇರುಗಳಲ್ಲಿ ಹಾಕುವ ಫಂಡುಗಳಿವೆ, ಬಹಳ ವರ್ಷ ಬಿಟ್ಟರೆ ಬೆಲೆಯೇರಿಕೆಯನ್ನು ದಾಟುತ್ತವೆ, ಆದರೆ ಒಂದೊಂದು ವರ್ಷ ಅರ್ಧಕ್ಕೆ ಬಿದ್ದರೂ ಬೀಳಬಹುದು ಎಂದ. ಚಿನ್ನ ಕೆಲವು ವರ್ಷ ಓಡುತ್ತದೆ, ಕೆಲವು ವರ್ಷ ಮಲಗುತ್ತದೆ ಎಂದ. ಯಾವುದು ಯಾವಾಗ ಎಂದು ಅಕ್ಕ ಕೇಳಿದಳು. “ಅದು ಗೊತ್ತಿದ್ರೆ ನಾನು ಈ ಕಿಟಕಿಯ ಹಿಂದೆ ಯಾಕೆ ಕೂತಿರ್ತಿದ್ದೆ ಅಮ್ಮಾ?” ಎಂದು ಅವನು ನಕ್ಕ.

ಆ ಮಾತು ಅವಳಿಗೆ ಹಿಡಿಸಿತು. ಗೊತ್ತಿಲ್ಲ ಎಂದವನನ್ನು ನಂಬಬಹುದು ಎಂದಳು. ಯಾವುದು ಯಾವಾಗ ಎಂದು ಗೊತ್ತಿಲ್ಲದ ಮೇಲೆ ಎಲ್ಲವನ್ನೂ ಒಂದೇ ತಟ್ಟೆಗೆ ಹಾಕುವುದು ಹೇಗೆ? ದುಡ್ಡನ್ನು ನಾಲ್ಕು ಸಮಪಾಲು ಮಾಡಿದಳು. ಒಂದು ಪಾಲು ಠೇವಣಿಯಲ್ಲೇ ಉಳಿಯಿತು. ಒಂದರಲ್ಲಿ ಚಿನ್ನ. ಒಂದು ಶೇರಿನ ಫಂಡಿಗೆ. ಇನ್ನೊಂದರಲ್ಲಿ, ಮಾರುಕಟ್ಟೆಯ ಹಿಂದಿನ ಒಂದು ಸಣ್ಣ ಗೋದಾಮನ್ನು ನೂಲಿನ ವ್ಯಾಪಾರಿಯೊಡನೆ ಅರ್ಧ ಪಾಲಿಗೆ ಕೊಂಡಳು, ಅದರಿಂದ ಬಾಡಿಗೆ ಬರುತ್ತಿತ್ತು.

ಅಂದಿನಿಂದ ಅವಳು ಪ್ರತಿ ವರ್ಷ ಒಂದು ಕ್ರಮ ಹಿಡಿದಳು. ಆರೈಕೆ ಮನೆಯವರು ದರ ಬದಲಿಸುವ ತಿಂಗಳಿನಲ್ಲಿ ಬಸ್ಸು ಹತ್ತಿ ಹೋಗಿ ಬೋರ್ಡು ನೋಡಿ ಬರುವುದು. ಅಲ್ಲಿಯ ಮೇಟ್ರನ್ ಬಾಗಿಲಲ್ಲೇ ಚುಡಾಯಿಸುತ್ತಿದ್ದಳು: “ಬಂದ್ರಾ? ಈ ವರ್ಷವಾದ್ರೂ ತಮ್ಮನ್ನ ಸೇರಿಸ್ತೀರೋ, ರೇಟು ಕೇಳ್ಕೊಂಡು ಹೋಗೋದೇ ಕೆಲಸಾನೋ?” ಅಕ್ಕ, “ನೀವು ಏರಿಸೋದು ನಿಲ್ಸಿ, ನಾನು ಕೇಳೋದು ನಿಲ್ಲಿಸ್ತೀನಿ,” ಎನ್ನುತ್ತಿದ್ದಳು. ಅಂಗಡಿಗೆ ಬಂದು, ನಾಲ್ಕು ಪಾಲುಗಳಲ್ಲಿ ಒಂದೊಂದೂ ಇಂದಿನ ದರದಲ್ಲಿ ಎಷ್ಟು ತಿಂಗಳಾಯಿತು ಎಂದು ಬಾಗಿಲ ಒಳಬದಿಯಲ್ಲಿ ಸೀಮೆಸುಣ್ಣದಿಂದ ಬರೆಯುತ್ತಿದ್ದಳು. ದುಡ್ಡಿನ ಅಂಕಿಯನ್ನು ಅಲ್ಲಿ ಒಂದು ದಿನವೂ ಬರೆಯಲಿಲ್ಲ, ಬರೀ ತಿಂಗಳು. ಗಿರಾಕಿಗಳು ಅದನ್ನು ತಕ್ಕಡಿ ಪರೀಕ್ಷೆಯ ಲೆಕ್ಕ ಎಂದುಕೊಂಡಿದ್ದರು.

ಯಾವ ಪಾಲು ಏರಿದೆಯೋ ಅದರಿಂದ ಸ್ವಲ್ಪ ತೆಗೆದು ಇಳಿದದ್ದಕ್ಕೆ ಸೇರಿಸುತ್ತಿದ್ದಳು. ಗೋದಾಮನ್ನು ಕತ್ತರಿಸಿ ತೆಗೆಯಲಾಗುವುದಿಲ್ಲವಲ್ಲ, ಅದರ ಬಾಡಿಗೆಯನ್ನು ಇಳಿದ ಕಡೆಗೆ ಹಾಕುತ್ತಿದ್ದಳು. ದುಡಿಮೆಯಿಂದ ವರ್ಷಕ್ಕೆ ನಾಲ್ಕು ತಿಂಗಳಿನಷ್ಟು ಹೊಸದಾಗಿ ಸೇರಿಸುತ್ತಿದ್ದಳು. ಅದಕ್ಕಾಗಿ ಅವಳು ಏನೇನು ಬಿಟ್ಟಳು ಎಂದು ನಾನು ಬಲ್ಲೆ. ಒಂದು ಹಲ್ಲು ಕೀಳಿಸುವುದನ್ನು ಎರಡು ವರ್ಷ ಮುಂದೆ ಹಾಕಿದ್ದಳು, ಕೆನ್ನೆಯಲ್ಲಿ ಲವಂಗ ಇಟ್ಟುಕೊಂಡೇ ಗಿರಾಕಿಗಳೊಡನೆ ಜಗಳ ಆಡುತ್ತಿದ್ದಳು.

ನನ್ನ ಕೂಲಿಯ ವಿಷಯವನ್ನೂ ಹೇಳಬೇಕು. ಸೇರಿದ ಐದನೇ ವರ್ಷ ಅವಳು ಇದ್ದಕ್ಕಿದ್ದಂತೆ ನನ್ನ ಸಂಬಳಕ್ಕೆ ಎಂಬತ್ತು ರೂಪಾಯಿ ಸೇರಿಸಿ ಕೊಟ್ಟಳು. ನಾನು ಕೈಮುಗಿದೆ. ಅವಳಿಗೆ ಸಿಟ್ಟು ಬಂತು.

“ಕೈ ಯಾಕೆ ಮುಗೀತೀಯ? ನಾನು ಏರಿಸಿದ್ದಲ್ಲ ಅದು. ಹಾಲು, ಬ್ರೆಡ್ಡು, ಬಸ್ಸಿನ ಟಿಕೆಟ್ಟು ಎಷ್ಟು ಏರಿದೆ ನೋಡು. ಸವೆದಷ್ಟು ತುಂಬಿದ್ದೀನಿ. ನಾಲ್ಕು ವರ್ಷ ತುಂಬದೇ ಇದ್ದದ್ದು ನನ್ನ ತಪ್ಪು.”

ಆಮೇಲೆ ಪ್ರತಿ ವರ್ಷ ಕೇಳದೆಯೇ ತುಂಬಿದಳು. ನಾನು ಬೇರೆ ಬೇರೆ ಕಡೆ ದುಡಿಯುವ ಎಷ್ಟೋ ಹೆಂಗಸರನ್ನು ಕೇಳಿದ್ದೇನೆ. ಅಂಥ ಒಡತಿ ಇನ್ನೊಬ್ಬಳು ಇದ್ದಾಳೆ ಎಂದು ಯಾರೂ ಹೇಳಿಲ್ಲ.

ಬಾಗಿಲ ಮೇಲೆ ಎಂಟು ವರ್ಷ ಬರೆದಾಗ ಒಟ್ಟು ನೂರ ಐವತ್ಮೂರು ತಿಂಗಳು ಇತ್ತು. ಒಂಬತ್ತನೇ ವರ್ಷ ಎರಡೂ ಕಡೆಯಿಂದ ಏಟು ಬಿತ್ತು. ಶೇರು ಅರ್ಧದ ಹತ್ತಿರಕ್ಕೆ ಕುಸಿಯಿತು. ಅದೇ ವರ್ಷ ಎಲ್ಲದರ ಬೆಲೆ ಹುಚ್ಚು ಹಿಡಿದಂತೆ ಏರಿ, ಆರೈಕೆ ಮನೆಯವರು ಒಂದೇ ಏಟಿಗೆ ನೂರಕ್ಕೆ ಹದಿನೆಂಟು ಹೆಚ್ಚಿಸಿದರು. ಶೇರಿನ ಪಾಲು ಮೂವತ್ತೆಂಟು ತಿಂಗಳು ಇದ್ದದ್ದು ಹದಿನೆಂಟಕ್ಕೆ ಇಳಿಯಿತು. ಠೇವಣಿ ಅಂಕಿಯಲ್ಲಿ ಬೆಳೆದಿತ್ತು, ತಿಂಗಳಿನಲ್ಲಿ ಮೂರು ಕಳೆದುಕೊಂಡಿತ್ತು. ಗೋದಾಮೂ ಇಳಿದಿತ್ತು. ಚಿನ್ನ ಒಂದು ಮಾತ್ರ ಎರಡು ತಿಂಗಳು ಏರಿತ್ತು. ಹೊಸದಾಗಿ ಹಾಕಿದ ನಾಲ್ಕು ಸೇರಿಸಿಯೂ ಒಟ್ಟು ನೂರ ಮೂವತ್ತೊಂದು.

ಅಣ್ಣನಿಗೆ ಸುದ್ದಿ ಹೇಗೋ ತಲುಪಿತ್ತು. ಬೂಟು ಬಿಚ್ಚದೆಯೇ ಒಳಗೆ ಬಂದ.

“ನಾನು ಬಡ್ಕೊಂಡೆ. ಶೇರು ಗೀರು ನಮ್ಮಂಥೋರಿಗಲ್ಲ ಅಂತ. ಕೈ ಸುಟ್ಕೊಂಡ್ಯಲ್ಲ?”

“ಸೀಸ ಹೊಯ್ಯೋಳಿಗೆ ಅದು ಹೊಸದಲ್ಲ, ಅಣ್ಣ.”

“ತಮಾಷೆ ಬೇಡ. ಉಳಿದಿದ್ದನ್ನ ತೆಗ್ದು ಠೇವಣಿಗೆ ಹಾಕು. ನಾಳೆ ಪುಟ್ಟನ್ನ ಬೀದಿಗೆ ಬಿಡ್ತೀಯ?”

ಆ ಮಾತು ತಗುಲಿತು. ಆದರೆ ಅಕ್ಕ ದನಿ ಏರಿಸಲಿಲ್ಲ.

“ಠೇವಣಿಯಲ್ಲೇ ಹತ್ತು ವರ್ಷ ಇಟ್ಟಿದ್ದೆ. ಆಗ್ಲೂ ಬೀದಿ ಕಡೆಗೇ ಹೋಗ್ತಿದ್ದೆ, ನಿಧಾನಕ್ಕೆ. ಸದ್ದಾಗಲಿಲ್ಲ, ಅದಕ್ಕೇ ನಿನಗೆ ಕೇಳಿಸಲಿಲ್ಲ. ಈಗ ಬಿದ್ದಿರೋದು ಸದ್ದು ಮಾಡಿ ಬಿದ್ದಿದೆ. ಅವನಿಗೆ ಇದು ನಾಳೆ ಬೇಕಾಗಿಲ್ಲ, ಇನ್ನು ಹತ್ತು ವರ್ಷಕ್ಕೆ ಬೇಕು.”

ಅಣ್ಣ ಮೂಗು ಮುರಿದು ಹೋದ. ಮರುದಿನ ಅವಳು ಚಿನ್ನದಲ್ಲಿ ಸ್ವಲ್ಪ ಮಾರಿ, ಬಾಡಿಗೆ ಸೇರಿಸಿ, ಕುಸಿದ ಶೇರಿಗೇ ಹಾಕಿದಳು. ನನಗೆ ಹೆದರಿಕೆಯಾಯಿತು. ಅವಳಿಗೂ ಧೈರ್ಯ ಇತ್ತೆಂದು ನಾನು ಹೇಳಲಾರೆ. ಆ ವಾರವೆಲ್ಲ ಅವಳು ಊಟದ ತಟ್ಟೆಯ ಮುಂದೆ ಕೂತು ಪುಟ್ಟನಿಗೆ ತಿನ್ನಿಸಿ, ತನ್ನದನ್ನು ಹಾಗೇ ಮುಚ್ಚಿ ಇಡುತ್ತಿದ್ದಳು. ಹೆದರಿಕೊಂಡೇ ಸರಿಯಾದದ್ದನ್ನು ಮಾಡುವುದನ್ನು ನಾನು ನೋಡಿದ್ದು ಅವಳಲ್ಲಿ.

ಕುಸಿದದ್ದು ಮತ್ತೆ ಏಳಲು ನಾಲ್ಕು ವರ್ಷ ಹಿಡಿಯಿತು. ಆಮೇಲೆ ಚಿನ್ನ ಮಲಗಿತು, ಶೇರು ಎದ್ದಿತು. ಗೋದಾಮಿನ ಬಾಡಿಗೆ ಒಂದು ವರ್ಷ ನಿಂತೇಹೋಗಿ ಮತ್ತೆ ಬಂತು. ನಾಲ್ಕೂ ಒಟ್ಟಿಗೆ ಏರಿದ ವರ್ಷ ಒಂದೂ ಇಲ್ಲ. ನಾಲ್ಕೂ ಒಟ್ಟಿಗೆ ಇಳಿದ ವರ್ಷವೂ ಇಲ್ಲ. ಬಾಗಿಲ ಮೇಲಿನ ಬರಹವನ್ನು ನಾನು ಪ್ರತಿ ವರ್ಷ ಒಂದು ನೋಟ್‌ಬುಕ್ಕಿಗೆ ನಕಲು ಮಾಡಿಕೊಳ್ಳುತ್ತಿದ್ದೆ. ಕೂಡಿ ಕಳೆಯುವುದು, ಭಾಗಾಕಾರ, ನೂರಕ್ಕೆ ಎಷ್ಟು ಎಂಬುದು, ಎಲ್ಲವನ್ನೂ ಕೈಹಿಡಿದು ಕಲಿಸಿದವಳು ಅವಳೇ.

ಅಕ್ಕನಿಗೆ ಅರವತ್ತೆರಡಾದಾಗ ಎದೆನೋವು ಬಂತು. ಆಸ್ಪತ್ರೆಯಲ್ಲಿ ಹನ್ನೆರಡು ದಿನ. ಹೃದಯ ದಣಿದಿದೆ, ಇನ್ನು ಒಲೆಯ ಮುಂದೆ ನಿಲ್ಲಬಾರದು, ಭಾರ ಎತ್ತಬಾರದು ಎಂದರು ಡಾಕ್ಟರು. ದುಡಿಮೆ ಮುಗಿಯಿತು ಎಂದೇ ಅರ್ಥ. ಅವಳು ಕೇಳಿದ್ದು ಒಂದೇ ಪ್ರಶ್ನೆ, ಅದೂ ನನ್ನನ್ನು.

“ಒಟ್ಟು ಎಷ್ಟಾಯ್ತು?”

“ಇನ್ನೂರ ಮೂವತ್ತೊಂದು.”

“ಒಂಬತ್ತು ಕಡಿಮೆ,” ಎಂದು ಗೋಡೆಯ ಕಡೆ ತಿರುಗಿದಳು. ಅವಳ ಹೆಗಲು ಅಲುಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. “ಅವನಿಗೆ ಅರವತ್ತೇಳಾದಾಗ ಬಾಗಿಲಿಂದಾಚೆ ಹಾಕ್ತಾರೆ. ಆ ವಯಸ್ಸಿಗೆ ಅವನು ಯಾರ ಬೆನ್ನಿಗೆ ಅಂಟ್ಕೋಬೇಕು?”

ನಾನು ಅಂದು ಮನೆಗೆ ಬಂದು ನೋಟ್‌ಬುಕ್ಕು ತೆಗೆದೆ. ಒಂದು ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಹದಿನೆಂಟು ವರ್ಷದ ಲೆಕ್ಕದಲ್ಲಿ ಅವಳು ಹೊಸದಾಗಿ ಸೇರಿಸಿದ್ದನ್ನೆಲ್ಲ ಕಳೆದು ನೋಡಿದೆ. ಕುಸಿದ ವರ್ಷಗಳೂ ಸೇರಿ, ತೆರಿಗೆಯೂ ಹೋಗಿ, ಆರೈಕೆ ಮನೆಯ ದರ ಏರಿದ್ದಕ್ಕಿಂತ ನಮ್ಮ ನಾಲ್ಕು ಪಾಲು ವರ್ಷಕ್ಕೆ ನೂರಕ್ಕೆ ಎರಡು ಹೆಚ್ಚು ಬೆಳೆದಿತ್ತು. ಬರೀ ಎರಡು. ಆದರೆ ಪುಟ್ಟನನ್ನು ಸೇರಿಸಿದ ದಿನವೇ ಆ ಬೆಳವಣಿಗೆ ನಿಲ್ಲುವುದಿಲ್ಲವಲ್ಲ! ವರ್ಷಕ್ಕೆ ಹನ್ನೆರಡು ತಿಂಗಳು ತೆಗೆಯುತ್ತೇವೆ, ಉಳಿದದ್ದು ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಅಕ್ಕ ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ತೆಗೆಯಲು ಶುರುಮಾಡಿದ ಕೂಡಲೇ ಗಂಟು ಕಲ್ಲಿನಂತೆ ಸುಮ್ಮನೆ ಕೂರುತ್ತದೆ ಎಂದುಕೊಂಡಿದ್ದಳು.

ಎರಡು ದಿನ ಕೂತು ಒಂದು ರಟ್ಟಿನ ಮೇಲೆ ವರ್ಷಕ್ಕೊಂದು ಸಾಲು ಬರೆದೆ. ಇನ್ನೂರ ಮೂವತ್ತೊಂದರಲ್ಲಿ ಹನ್ನೆರಡು ಕಳೆದರೆ ಇನ್ನೂರ ಹತ್ತೊಂಬತ್ತು, ಅದಕ್ಕೆ ನೂರಕ್ಕೆ ಎರಡು ಸೇರಿಸಿದರೆ ಇನ್ನೂರ ಇಪ್ಪತ್ಮೂರು. ಹೀಗೆ ಇಳಿಯುತ್ತ ಇಳಿಯುತ್ತ ಇಪ್ಪತ್ತಮೂರು ವರ್ಷ ದಾಟಿದ ಮೇಲೆ ಮುಗಿಯಿತು. ಅಷ್ಟು ಹೊತ್ತಿಗೆ ಪುಟ್ಟನಿಗೆ ಎಪ್ಪತ್ತೊಂದು.

ರಟ್ಟನ್ನು ಆಸ್ಪತ್ರೆಗೆ ಒಯ್ದು ಅವಳ ತೊಡೆಯ ಮೇಲೆ ಇಟ್ಟೆ. ಅವಳು ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಸಾಲು ಸಾಲಾಗಿ ಓದಿದಳು. ನರ್ಸು ಬಂದು ಮಾತ್ರೆ ಕೊಟ್ಟರೆ ಕೈ ನೀಡಿದಳೇ ಹೊರತು ಕಣ್ಣೆತ್ತಲಿಲ್ಲ.

“ಒಂಬತ್ತನೇ ಸಾಲಲ್ಲಿ ಹನ್ನೊಂದು ಕಳೆದಿದ್ದೀಯ.”

“ಹೌದಾ?”

“ಹನ್ನೆರಡು ಕಳೀಬೇಕು. ಆ ವರ್ಷ ಒಂದು ತಿಂಗಳು ಅವನೇನು ಉಪವಾಸ ಇರ್ತಾನಾ? ಪೆನ್ಸಿಲ್ ಕೊಡು.”

ಅಲ್ಲಿಂದ ಕೊನೆಯ ಸಾಲಿನವರೆಗೆ ಎಲ್ಲವನ್ನೂ ತಾನೇ ಅಳಿಸಿ ಬರೆದಳು. ಮುಗಿಯಲು ಒಂದು ಗಂಟೆಯ ಮೇಲಾಯಿತು. ಆದರೂ ಇಪ್ಪತ್ತಮೂರು ವರ್ಷ ದಾಟಿತು. ಇನ್ನೊಂದು ಸಲ ಮೇಲಿನಿಂದ ಓದಿ, ಕನ್ನಡಕ ತೆಗೆದಳು.

“ಬೆಲೆ ಹೆಚ್ಚು ಏರಿದ್ರೆ? ಶೇರು ಮತ್ತೆ ಬಿದ್ರೆ?”

“ಬೀಳುತ್ತೆ. ನೀನು ಮಾಡಿದ ಹಾಗೇ ನಾನೂ ಮಾಡ್ತೀನಿ. ಪ್ರತಿ ವರ್ಷ ಬೋರ್ಡು ನೋಡ್ತೀನಿ.”

“ಹೆದರ್ಕೊಂಡು ಎಲ್ಲಾನೂ ಠೇವಣಿಗೆ ಹಾಕ್ಬಿಡ್ತೀಯ ನೀನು.”

“ಹೆದರ್ತೀನಿ. ಹಾಕಲ್ಲ.”

ಅವಳು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ಬಟ್ಟನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಹಾಗೆ ನೋಡುತ್ತಿದ್ದಳು. ಆಮೇಲೆ ಹೇಳಿದಳು: “ಹಾಗಾದ್ರೆ ಪುಟ್ಟನ ಬಟ್ಟೆ ಕಟ್ಟು. ನಾನಿರೋವಾಗ್ಲೇ ಸೇರಿಸೋಣ. ಅವನು ಅಲ್ಲಿ ಹೇಗಿರ್ತಾನೆ ಅಂತ ನನ್ನ ಕಣ್ಣಾರೆ ನೋಡ್ಬೇಕು.”

ಸೇರಿಸಿದ ದಿನ ಮೇಟ್ರನ್ ಚುಡಾಯಿಸಲಿಲ್ಲ. ತಾನೇ ಗೇಟಿನವರೆಗೆ ಬಂದು ಪುಟ್ಟನ ಕೈ ಹಿಡಿದುಕೊಂಡಳು. ಊಟದ ಕೋಣೆಯಲ್ಲಿ ಅಕ್ಕ ಅವನ ಪಕ್ಕ ಕೂತು, ಅಲ್ಲಿನ ಹೆಂಗಸಿಗೆ ನೀರಿನ ಲೋಟ ಎಲ್ಲಿಡಬೇಕೆಂದು ತೋರಿಸಿದಳು. ಮೊದಲ ತಿಂಗಳು ಅವನು ಅತ್ತ. ಎರಡನೇ ತಿಂಗಳು ಅಲ್ಲಿಯ ತಟ್ಟೆಗಳನ್ನು ಒರೆಸಲು ಶುರುಮಾಡಿದ. ಅಕ್ಕ ವಾರಕ್ಕೊಮ್ಮೆ ಹೋಗಿ ದೂರದಿಂದ ನೋಡಿ ಬರುತ್ತಿದ್ದಳು. ಅವಳು ಹದಿನಾಲ್ಕು ತಿಂಗಳು ಬದುಕಿದಳು. ಅವನ ಚಿಂತೆಯಿಲ್ಲದೆ ಅವಳು ಊಟ ಮಾಡಿದ್ದನ್ನು ನಾನು ಆ ಹದಿನಾಲ್ಕು ತಿಂಗಳಲ್ಲಿ ಮಾತ್ರ ನೋಡಿದೆ.

ಪುಟ್ಟ ಅಲ್ಲಿಗೆ ಸೇರಿ ಮೊನ್ನೆಗೆ ಹನ್ನೊಂದು ವರ್ಷವಾಯಿತು. ನೂರ ಮೂವತ್ತೆರಡು ತಿಂಗಳು ಕೊಟ್ಟಾಗಿದೆ. ರಟ್ಟಿನ ಪ್ರಕಾರ ಇನ್ನು ನೂರ ಮೂವತ್ತೆಂಟು ಉಳಿಯಬೇಕಿತ್ತು, ಉಳಿದಿರುವುದು ನೂರ ಮೂವತ್ತನಾಲ್ಕು. ನಾಲ್ಕು ಕಡಿಮೆ, ನಡುವೆ ಎರಡು ವರ್ಷ ಬೆಲೆಗಳು ಜೋರಾಗಿದ್ದವು. ಆಗ ನಾನೂ ಊಟ ಬಿಟ್ಟಿದ್ದೆ, ಆದರೆ ಎಲ್ಲವನ್ನೂ ಠೇವಣಿಗೆ ಹಾಕಲಿಲ್ಲ. ನನಗೆ ಎಪ್ಪತ್ತೊಂದಾಗಿರುವುದರಿಂದ ಈಗ ಮೇಟ್ರನ್‌ಳ ಮಗಳಿಗೆ ಭಾಗಾಕಾರವನ್ನೂ ನಾಲ್ಕು ಪಾಲಿನ ಕ್ರಮವನ್ನೂ ಹೇಳಿಕೊಡುತ್ತಿದ್ದೇನೆ. ಅವಳು ಅಲ್ಲೇ ಕೆಲಸ ಮಾಡುತ್ತಾಳೆ, ಚುರುಕು, ತಪ್ಪು ಮಾಡಿದರೆ ತಾನೇ ನಗುತ್ತಾಳೆ. ಮೊನ್ನೆ ನಾವಿಬ್ಬರೂ ಊಟದ ಮೇಜಿನ ಮೇಲೆ ಈ ವರ್ಷದ ತಿಂಗಳುಗಳನ್ನು ಬರೆಯುತ್ತಿದ್ದಾಗ ಪುಟ್ಟ ಬಂದು, ನಮ್ಮ ಕಾಗದಗಳನ್ನು ಪಕ್ಕಕ್ಕೆ ಸರಿಸಿ, ಊಟಕ್ಕೆ ಹೊತ್ತಾಯಿತು ಎಂದು ತಟ್ಟೆಗಳನ್ನು ಜೋಡಿಸತೊಡಗಿದ.